ತಾಳ್ಮೆಯ ಅರ್ಥವಿಚಾರ: ಹಳ್ಳಿಖೇಡದ ಸೀಮೆಯ ಕ್ರೈಸ್ತಸಭೆಯನ್ನು ಕಣ್ಣಮುಂದಿಟ್ಟುಕೊಂಡು

ಒಂದು ಧರ್ಮವನ್ನು ಸ್ವೀಕರಿಸುವುದು ಒಂದು ದಿನದಲ್ಲಿ ನಡೆಯುವ ಕಾರ್ಯ. ಅದನ್ನು ಮೂರು ನಾಲ್ಕು ತಲೆಮಾರುಗಳ ಕಾಲ ಕೈಬಿಡದೆ ನಡೆಸಿಕೊಂಡು ಬರುವುದಾದರೋ ದಿನದಿನವೂ ನಡೆಯಬೇಕಾದ ಕಾರ್ಯ. ನಮ್ಮ ನಾಡಿನ ಕ್ರೈಸ್ತಧರ್ಮದ ಚರಿತ್ರೆಯನ್ನು ಬರೆದವರು ಬಹುಮಟ್ಟಿಗೆ ಮೊದಲನೆಯದನ್ನೇ ಕುರಿತು ಬರೆದಿದ್ದಾರೆ. ಯಾವ ಮಿಷನರಿ ಯಾವ ವರ್ಷ ಬಂದನು, ಎಲ್ಲಿ ಶಾಲೆ ತೆರೆದನು, ಎಷ್ಟು ಮಂದಿಗೆ ದೀಕ್ಷಾಸ್ನಾನವಾಯಿತು ಎಂಬ ವಿವರಗಳು ವರದಿಗಳಲ್ಲಿ ಹೇರಳವಾಗಿ ದೊರೆಯುತ್ತವೆ. ದೀಕ್ಷೆ ಹೊಂದಿದವರ ಮೊಮ್ಮಕ್ಕಳು ಏನಾದರು, ಮಳೆ ಕೈಕೊಟ್ಟ ವರ್ಷಗಳಲ್ಲಿ ಸಭೆ ಕೂಡುತ್ತಿತ್ತೇ, ಹೊಲದ ಒಡೆಯನ ಮುನಿಸನ್ನು ಅವರು ಹೇಗೆ ಎದುರಿಸಿದರು ಎಂಬ ಪ್ರಶ್ನೆಗಳ ಮುಂದೆ ಅದೇ ವರದಿಗಳು ಮೌನ ತಾಳುತ್ತವೆ. ಕ್ರೈಸ್ತಭಕ್ತಿಯಲ್ಲಿ ತಾಳ್ಮೆ ಎನಿಸಿಕೊಳ್ಳುವ ಗುಣ ಎಂಥದು, ಅದು ಒಬ್ಬೊಬ್ಬ ವ್ಯಕ್ತಿಯ ಗುಣವೋ ಒಂದು ಸಮುದಾಯದ ಗುಣವೋ, ಅದು ಇದೆಯೆಂದೋ ಇಲ್ಲವೆಂದೋ ತೀರ್ಪು ಕೊಡುವ ಅಧಿಕಾರ ಯಾರದು ಎಂಬ ಪ್ರಶ್ನೆಗಳನ್ನು ಪ್ರಕೃತ ಲೇಖನದಲ್ಲಿ ನಾವು ವಿವೇಚಿಸಹೊರಟಿದ್ದೇವೆ.

ವಿವೇಚನೆಗೆ ಒಂದು ನೆಲೆ ಬೇಕು. ಹಳ್ಳಿಖೇಡ (ಬಿ) ಎಂಬುದು ಬೀದರ ಜಿಲ್ಲೆಯ ಹುಮನಾಬಾದ ತಾಲೂಕಿಗೆ ಸೇರಿದ ಊರು. ಬೀದರ ಸಹಕಾರಿ ಸಕ್ಕರೆ ಕಾರಖಾನೆಯ ಹೆಸರಿನೊಡನೆ ಸೇರಿ ಹೊರಗಿನವರಿಗೂ ಪರಿಚಿತವಾದುದು. ಊರಿನ ಹೆಸರೇ ಸೀಮೆಯ ಚರಿತ್ರೆಯನ್ನು ಸಂಕ್ಷೇಪವಾಗಿ ಹೇಳುವಂತಿದೆ. ಹಳ್ಳಿ ಎಂಬುದು ಕನ್ನಡ. ಖೇಡ ಎಂಬುದು ಮರಾಠಿಯಲ್ಲಿ ಹಳ್ಳಿಗೇ ಇರುವ ಮಾತು. ಕಂಸದೊಳಗಿನ ‘ಬಿ’ ಅಕ್ಷರವು ಹಿರಿದು ಎಂಬರ್ಥದ ಬುಜುರ್ಗ್ ಎಂಬ ಪಾರಸಿ ಪದದ ಕುರುಹು. ಕಿರಿದಾದ ಇನ್ನೊಂದು ಹಳ್ಳಿಖೇಡಕ್ಕೆ ಖುರ್ದ್ ಎಂಬುದರ ‘ಕೆ’ ಅಂಟಿಕೊಂಡಿದೆ. ಕನ್ನಡದ ರೈತ, ಮರಾಠಿಯ ನೆರೆಯವ, ನಿಜಾಮರ ಕಾಲದ ಕಂದಾಯ ದಫ್ತರದ ಗುಮಾಸ್ತ ಮೂವರೂ ಈ ಒಂದು ಹೆಸರಿನಲ್ಲಿ ಇದ್ದಾರೆ. ೧೯೪೮ರ ಸೆಪ್ಟೆಂಬರಿನವರೆಗೆ ಈ ಸೀಮೆಯು ಹೈದರಾಬಾದಿನ ನಿಜಾಮರ ಆಳ್ವಿಕೆಯಲ್ಲಿದ್ದು, ೧೯೫೬ರ ನವೆಂಬರ್ ೧ರಂದು ಮೈಸೂರು ರಾಜ್ಯಕ್ಕೆ ಸೇರಿತು. ನೆರೆಯಲ್ಲಿಯೇ ಶರಣರ ಕಲ್ಯಾಣವಿದೆ. ಹುಮನಾಬಾದಿನ ಮಗ್ಗುಲಲ್ಲಿ ಮಾಣಿಕಪ್ರಭುಗಳ ಮಾಣಿಕನಗರವಿದೆ. ಇಂಥ ನೆಲದಲ್ಲಿ ಕ್ರೈಸ್ತಸಭೆಯು ತಡವಾಗಿ ಬಂದ ಅತಿಥಿ. ೧೮೭೦ರ ದಶಕದಲ್ಲಿ ವಿಲಿಯಂ ಟೇಲರ್ ಎಂಬ ಅಮೆರಿಕದ ಬೋಧಕರಿಂದ ದಕ್ಷಿಣ ಭಾರತದಲ್ಲಿ ನೆಲೆಯೂರಿದ ಮೆಥಡಿಸ್ಟ್ ಮಿಷನ್ನು ಮೊದಲು ನಗರಗಳ ಇಂಗ್ಲಿಷ್ ಭಾಷಿಕರ ನಡುವೆ ಕೆಲಸ ಮಾಡಿ, ಅನಂತರ ಗುಲ್ಬರ್ಗ, ಬೀದರ, ವಿಕಾರಾಬಾದು ಸೀಮೆಗಳ ಹಳ್ಳಿಗಳಿಗೆ ಹಬ್ಬಿತು. ಹಳ್ಳಿಗಳಲ್ಲಿ ಅದರ ಮಾತನ್ನು ಕಿವಿಗೊಟ್ಟು ಕೇಳಿದವರಲ್ಲಿ ಹೆಚ್ಚಿನವರು ಹೊಲೆಯ ಮಾದಿಗ ಕೇರಿಗಳವರು. ಇಂದಿಗೂ ಹುಮನಾಬಾದ, ಬಸವಕಲ್ಯಾಣ ಸೀಮೆಯ ಕ್ರೈಸ್ತರಲ್ಲಿ ಬಹುಮಂದಿ ಮೆಥಡಿಸ್ಟ್ ಸಭೆಗೆ ಸೇರಿದವರು. ಆ ಸಭೆಯು ೧೯೮೧ರಲ್ಲಿ ಅಮೆರಿಕದ ಆಡಳಿತದಿಂದ ಬೇರೆಯಾಗಿ ಭಾರತದ ಸ್ವತಂತ್ರ ಸಭೆಯಾಯಿತು.

ಮೊದಲು ಪದವನ್ನು ವಿಚಾರಿಸೋಣ. ಕನ್ನಡದಲ್ಲಿ ಮನಸ್ಸಿನ ಗಟ್ಟಿತನವನ್ನು ಹೇಳುವ ಮಾತುಗಳು ಅನೇಕ. ಹಟವೆಂಬುದು ಮಕ್ಕಳಿಗೂ ಇರುವುದು. ಅದಕ್ಕೆ ಕಾರಣ ಬೇಕಿಲ್ಲ. ಛಲವು ಅದಕ್ಕಿಂತ ಘನವಾದುದು. ಪಂಪ ರನ್ನರ ದುರ್ಯೋಧನನಲ್ಲಿ ನಾವು ಮೆಚ್ಚುವುದು ಛಲವನ್ನು. ಬಸವಣ್ಣನವರ ವಚನವೊಂದು ಶರಣನಲ್ಲಿರಬೇಕಾದ ಛಲಗಳನ್ನು ಎಣಿಸುತ್ತದೆ. ಛಲಕ್ಕೆ ಎದುರಾಳಿ ಬೇಕು, ಇಲ್ಲವೇ ಒಂದು ಪ್ರತಿಜ್ಞೆಯಾದರೂ ಬೇಕು. ಸೈರಣೆಯೆಂಬುದು ಬಂದುದನ್ನು ಸಹಿಸುವ ಗುಣ. ಮನೆಯೊಳಗಿನ, ಅದರಲ್ಲೂ ಸೊಸೆಯಂದಿರ ಗುಣವಾಗಿ ಅದನ್ನು ನಮ್ಮ ಜನ ಹೆಚ್ಚಾಗಿ ಹೊಗಳಿದ್ದಾರೆ, ಹೊಗಳಿಕೆಯ ನೆವದಲ್ಲಿ ಹೊರಿಸಿಯೂ ಇದ್ದಾರೆ. ತಾಳ್ಮೆಯು ಇವೆಲ್ಲಕ್ಕಿಂತ ಭಿನ್ನ. ತಾಳು ಎಂಬ ಧಾತುವಿನ ವ್ಯಾಪ್ತಿಯನ್ನು ನೋಡಿರಿ: ರೂಪ ತಾಳುವುದು, ಗರ್ಭ ತಾಳುವುದು, ಭಾರ ತಾಳುವುದು. ಮಗ್ಗದವನು ತನ್ನ ಬಟ್ಟೆ ತಾಳಿಕೆ ಬರುತ್ತದೆ ಎಂದಾಗ ಅದು ಒಗೆತಕ್ಕೂ ಬಿಸಿಲಿಗೂ ಜಗ್ಗದೆ ಬಹುದಿನ ಬರುತ್ತದೆಂದು ಅರ್ಥ. ತಾಳಿದವನು ಬಾಳಿಯಾನು ಎಂಬ ಗಾದೆಯು ತಾಳಿಕೆಯನ್ನೂ ಬಾಳಿಕೆಯನ್ನೂ ಒಂದೇ ಎಳೆಯಲ್ಲಿ ಕಟ್ಟುತ್ತದೆ. ಆದುದರಿಂದ ಈ ಪದದಲ್ಲಿ ಹೊರುವುದು, ಒಳಗಿರಿಸಿಕೊಳ್ಳುವುದು, ಕಾಲಕ್ಕೆ ಸವೆಯದಿರುವುದು ಎಂಬ ಮೂರು ಛಾಯೆಗಳು ಕೂಡಿವೆ.

ಕನ್ನಡ ಬೈಬಲ್ಲಿನ ಭಾಷಾಂತರಕಾರರು ಈ ಪದವನ್ನು ಎತ್ತಿಕೊಂಡುದು ಸಾರ್ಥಕವಾಯಿತೆಂದು ನಮ್ಮ ಅಭಿಪ್ರಾಯ. ೧೮೧೦ರಲ್ಲಿ ಬಳ್ಳಾರಿಗೆ ಬಂದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಅವರು ಆರಂಭಿಸಿದ ಕಾರ್ಯವು ೧೮೩೧ರಲ್ಲಿ ಸಂಪೂರ್ಣ ಕನ್ನಡ ಬೈಬಲ್ಲಾಗಿ ಮುಗಿಯಿತು. ಇಪ್ಪತ್ತೊಂದು ವರ್ಷಗಳ ಈ ಕಾರ್ಯವೇ ತಾಳ್ಮೆಗೆ ಸಣ್ಣ ನಿದರ್ಶನವಲ್ಲ. ಮುಂದಿನವರು ಆ ಭಾಷಾಂತರವನ್ನು ಮೇಲಿಂದ ಮೇಲೆ ತಿದ್ದಿದರು. ಹೊಸ ಒಡಂಬಡಿಕೆಯ ಗ್ರೀಕಿನಲ್ಲಿ ಹುಪೊಮೊನೆ ಎಂಬ ಪದವೊಂದಿದೆ. ಹುಪೊ ಎಂದರೆ ಕೆಳಗೆ. ಮೆನೊ ಎಂದರೆ ನಿಲ್ಲು, ಉಳಿ. ಭಾರದ ಕೆಳಗೆ ಓಡಿಹೋಗದೆ ಉಳಿಯುವುದು ಎಂಬುದು ಅದರ ಅವಯವಾರ್ಥ. ಮಕ್ರೊಥುಮಿಯ ಎಂಬುದು ಇನ್ನೊಂದು ಪದ. ಕೋಪಕ್ಕೆ ದೂರವಾಗಿರುವ ದೊಡ್ಡ ಮನಸ್ಸು ಎಂಬುದು ಅದರ ಭಾವ. ಕನ್ನಡದಲ್ಲಿ ಮೊದಲನೆಯದಕ್ಕೆ ತಾಳ್ಮೆಯೆಂದೂ ಎರಡನೆಯದಕ್ಕೆ ದೀರ್ಘಶಾಂತಿಯೆಂದೂ ಬಳಸುವ ರೂಢಿ ಬೆಳೆಯಿತು. ದೀರ್ಘಶಾಂತಿಯು ಮನುಷ್ಯರ ವಿಷಯದಲ್ಲಿ ತೋರಬೇಕಾದುದು, ತಾಳ್ಮೆಯು ಸಂಕಟದ ವಿಷಯದಲ್ಲಿ ತೋರಬೇಕಾದುದು ಎಂದು ವ್ಯಾಖ್ಯಾನಕಾರರು ಸಾಮಾನ್ಯವಾಗಿ ವಿಭಾಗಿಸುತ್ತಾರೆ. ಯಾಕೋಬನ ಪತ್ರಿಕೆಯ ಐದನೆಯ ಅಧ್ಯಾಯದಲ್ಲಿ ಎರಡೂ ಪದಗಳು ಹತ್ತಿರ ಹತ್ತಿರದಲ್ಲಿ ಬರುತ್ತವೆ. ಮುಂಗಾರು ಹಿಂಗಾರುಗಳನ್ನು ಕಾಯುವ ಬೇಸಾಯಗಾರನಿಗೆ ಅಲ್ಲಿ ದೀರ್ಘಶಾಂತಿಯ ಪದ. ಯೋಬನಿಗೆ ತಾಳ್ಮೆಯ ಪದ. ಆ ಯೋಬನು ಮೌನಿಯಾಗಿ ಕುಳಿತವನಲ್ಲ. ತನ್ನ ಹೆಸರಿನ ಗ್ರಂಥದ ಉದ್ದಕ್ಕೂ ಅವನು ಗೆಳೆಯರೊಡನೆ ವಾದಿಸುತ್ತಾನೆ, ದೇವರನ್ನೇ ನ್ಯಾಯಕ್ಕೆ ಕರೆಯುತ್ತಾನೆ. ಅಂಥವನನ್ನು ತಾಳ್ಮೆಯ ಮಾದರಿಯಾಗಿ ತೋರಿಸಿದುದರಿಂದ, ಬಾಯಿಮುಚ್ಚಿಕೊಂಡು ಸಹಿಸುವುದೇ ತಾಳ್ಮೆಯೆಂಬ ಅರ್ಥವನ್ನು ಪತ್ರಿಕೆಯ ಕರ್ತನು ಒಪ್ಪಲಾರನೆಂಬುದು ಸ್ಪಷ್ಟ. ಈ ಅಂಶವನ್ನು ಉಪದೇಶಕರು ಮರೆತುಬಿಡುವುದುಂಟು.

ಬಿತ್ತುವವನ ಸಾಮ್ಯವು ಮತ್ತಾಯ, ಮಾರ್ಕ, ಲೂಕ ಮೂವರಲ್ಲಿಯೂ ಇದೆ. ಒಳ್ಳೆಯ ನೆಲದ ಬೀಜ ತಾಳ್ಮೆಯಿಂದ ಫಲ ಕೊಡುತ್ತದೆಂಬ ವಿವರಣೆ ಮಾತ್ರ ಲೂಕನೊಬ್ಬನಲ್ಲಿಯೇ ಕಾಣುತ್ತದೆ. ಉಳಿದಿಬ್ಬರು ಫಲದ ಲೆಕ್ಕವನ್ನು ಹೇಳಿ ಸುಮ್ಮನಾಗುತ್ತಾರೆ. ಬೀದರಿನ ಸೀಮೆಯ ರೈತನಿಗೆ ಲೂಕನ ಮಾತು ಬಿಡಿಸಿ ಹೇಳದೆಯೇ ತಿಳಿಯುವಂಥದು. ಮುಂಗಾರಿನಲ್ಲಿ ಅವನು ತೊಗರಿಯ ಸಾಲುಗಳ ನಡುವೆ ಹೆಸರನ್ನೋ ಉದ್ದನ್ನೋ ಹಾಕುತ್ತಾನೆ. ಹೆಸರು ಎರಡು ಎರಡೂವರೆ ತಿಂಗಳಲ್ಲಿ ಕೈಗೆ ಬಂದು ಹಬ್ಬದ ಖರ್ಚಿಗೆ ಒದಗುತ್ತದೆ. ತೊಗರಿಯು ಆ ಕಾಲದಲ್ಲಿ ನೋಡುವುದಕ್ಕೆ ಏನೂ ಅಲ್ಲ. ಅದರ ಕೆಲಸ ನೆಲದ ಕೆಳಗೆ ನಡೆಯುತ್ತಿರುತ್ತದೆ. ಮಳೆ ನಿಂತ ಮೇಲೂ ಬೇರು ಆಳದ ತೇವವನ್ನು ಹುಡುಕಿಕೊಂಡು ಹೋಗಿ, ಗಿಡ ಹೂವಾಗಿ ಕಾಯಾಗಿ ಕೊಯ್ಲಿಗೆ ಬರುವಷ್ಟರಲ್ಲಿ ಕ್ರಿಸ್ಮಸ್ ಬಂದಿರುತ್ತದೆ. ಬಂಡೆಯ ಮೇಲೆ ಬಿದ್ದು ಬೇಗನೆ ಮೊಳೆತು ಬೇರಿಲ್ಲದೆ ಬಾಡಿದ ಬೀಜದ ಮಾತನ್ನು ಇದರ ಪಕ್ಕದಲ್ಲಿಟ್ಟು ನೋಡಿದರೆ ತಾಳ್ಮೆಯೆಂಬುದು ಸಂಕಲ್ಪಬಲದ ಮಾತಾಗುವುದಕ್ಕಿಂತ ಹೆಚ್ಚಾಗಿ ಬೇರಿನ ಮಾತೆಂದು ತೋರುತ್ತದೆ.

ಕಲ್ಯಾಣದ ನೆರೆಯಲ್ಲಿ ಕುಳಿತು ಈ ವಿಷಯವನ್ನು ಬರೆಯುವವರು ಶರಣರ ನಿಷ್ಠೆಯನ್ನು ನೆನೆಯದೆ ಮುಂದೆ ಹೋಗುವಂತಿಲ್ಲ. ಷಟ್‌ಸ್ಥಲದ ಕ್ರಮದಲ್ಲಿ ಭಕ್ತಸ್ಥಲಕ್ಕೆ ಶ್ರದ್ಧಾಭಕ್ತಿ ಲಕ್ಷಣ. ಅದರ ಮೇಲಿನ ಮಹೇಶಸ್ಥಲಕ್ಕೆ ನಿಷ್ಠಾಭಕ್ತಿ ಲಕ್ಷಣ. ಶ್ರದ್ಧೆ ಹುಟ್ಟಿದೊಡನೆ ಸಾಧನೆ ಮುಗಿಯದು, ಆ ಶ್ರದ್ಧೆಯು ಅಲುಗದಂತೆ ನಿಲ್ಲುವುದೇ ಎರಡನೆಯ ಮೆಟ್ಟಿಲು ಎಂಬ ಈ ಕ್ರಮದ ಸೂಕ್ಷ್ಮತೆ ಗಮನಾರ್ಹವಾದುದು. ಮಾದಾರ ಚೆನ್ನಯ್ಯ, ಡೋಹರ ಕಕ್ಕಯ್ಯ, ಸಮಗಾರ ಹರಳಯ್ಯ ಮೊದಲಾದವರ ಹೆಸರುಗಳು ಈ ನೆಲದ ಕೇರಿಗಳಿಗೆ ಹೊಸವಲ್ಲ. ಹರಳಯ್ಯ ಮಧುವರಸರಿಗೆ ಒದಗಿದ ಕ್ರೂರ ಮರಣವನ್ನೂ, ಅನಂತರ ಶರಣರು ದಿಕ್ಕುದಿಕ್ಕಿಗೆ ಚದುರಿಹೋದುದನ್ನೂ, ಚದುರಿದವರು ವಚನಗಳ ಕಟ್ಟುಗಳನ್ನು ಕಾಪಾಡಿದುದನ್ನೂ ಪರಂಪರೆ ಹೇಳುತ್ತ ಬಂದಿದೆ. ಹೀಗಿರಲು, ಕ್ರೈಸ್ತಬೋಧಕನು ಇಲ್ಲಿ ಸ್ಥೈರ್ಯದ ಪಾಠವನ್ನು ಬರಿಯ ಹಲಗೆಯ ಮೇಲೆ ಬರೆದನೆಂದು ತಿಳಿಯುವುದು ಅಜ್ಞಾನ.

ಆದರೂ ನಿಷ್ಠೆಯೂ ತಾಳ್ಮೆಯೂ ಒಂದೇ ಎಂದು ಸಮೀಕರಿಸುವ ಆತುರವನ್ನು ನಾವು ಒಪ್ಪುವುದಿಲ್ಲ. ನಿಷ್ಠೆಯ ಪ್ರಶ್ನೆ ಯಾರಲ್ಲಿ ಎಂಬುದು; ಒಬ್ಬನೇ ದೇವನಲ್ಲಿ, ಅನ್ಯಕ್ಕೆರಗದೆ. ತಾಳ್ಮೆಯ ಪ್ರಶ್ನೆ ಎಲ್ಲಿಯವರೆಗೆ ಎಂಬುದು. ಕ್ರೈಸ್ತರ ತಾಳ್ಮೆಯು ಮುಂದೆ ಬರಲಿರುವ ಒಂದು ದಿನವನ್ನು ಎದುರುನೋಡುತ್ತ ನಿಂತಿದೆ. ರೋಮಾಪುರದವರಿಗೆ ಪೌಲನು ಬರೆದ ಪತ್ರಿಕೆಯಲ್ಲಿ ಸಂಕಟದಿಂದ ತಾಳ್ಮೆ, ತಾಳ್ಮೆಯಿಂದ ಪರಿಪಕ್ವತೆ, ಅದರಿಂದ ನಿರೀಕ್ಷೆ ಎಂದು ಸರಪಳಿಯು ನಿರೀಕ್ಷೆಯಲ್ಲಿಯೇ ಮುಗಿಯುತ್ತದೆ. ಶರಣನ ನಿಷ್ಠೆಗೆ ಅಂಥ ದಿನದ ಅಗತ್ಯವಿಲ್ಲ. ಅವನಿಗೆ ಲಿಂಗವು ಅಂಗೈಯಲ್ಲಿಯೇ ಇದೆ. ಈ ವ್ಯತ್ಯಾಸವನ್ನು ಮರೆಮಾಚದೆ ಇಟ್ಟುಕೊಂಡಾಗಲೇ ಹೋಲಿಕೆಯಿಂದ ಪ್ರಯೋಜನ.

ತಾಳ್ಮೆಯು ದೇವರ ವರವೋ ಮನುಷ್ಯನ ಪ್ರಯತ್ನವೋ ಎಂಬ ದೇವಜ್ಞಾನಿಗಳ ವ್ಯಾಜ್ಯವು ದೀರ್ಘವಾದುದು. ಅದರಲ್ಲಿ ನಮ್ಮ ವಿಷಯಕ್ಕೆ ಬೇಕಾದಷ್ಟನ್ನು ಮಾತ್ರ ಹೇಳುತ್ತೇವೆ. ಐದನೆಯ ಶತಮಾನದ ಸಂತ ಅಗಸ್ಟಿನರು ತಮ್ಮ ಕೊನೆಗಾಲದ ಕೃತಿಯೊಂದರಲ್ಲಿ ಕಡೆಯವರೆಗೆ ನಿಲ್ಲುವುದು ದೇವರು ಕೊಡುವ ದಾನವೆಂದು ವಾದಿಸಿದರು. ೧೬೧೮–೧೯ರಲ್ಲಿ ಹಾಲೆಂಡಿನ ಡಾರ್ಟ್ ಪಟ್ಟಣದಲ್ಲಿ ಕೂಡಿದ ಮಹಾಸಭೆಯು, ದೇವರು ಆರಿಸಿಕೊಂಡವರು ಜಾರಿದರೂ ಸಂಪೂರ್ಣವಾಗಿ ಬಿದ್ದುಹೋಗಲಾರರೆಂದು ನಿರ್ಣಯಿಸಿತು. ಮೆಥಡಿಸ್ಟ್ ಪಂಥದ ಮೂಲಪುರುಷರಾದ ಜಾನ್ ವೆಸ್ಲಿಯವರು ೧೭೫೧ರ ತಮ್ಮ ಪುಸ್ತಿಕೆಯಲ್ಲಿ ಇದನ್ನು ಅಲ್ಲಗಳೆದು, ನಿಜವಾದ ವಿಶ್ವಾಸಿಯೂ ಬೀಳಬಲ್ಲನೆಂದರು. ಬೀದರಿನ ಸೀಮೆಗೆ ಬಂದುದು ಈ ವೆಸ್ಲಿಯವರ ಪಂಥ. ಮಂಗಳೂರು ಧಾರವಾಡಗಳಿಗೆ ಬಂದ ಬಾಸೆಲ್ ಮಿಷನ್ನಿನ ಹಿನ್ನೆಲೆ ಬೇರೆ. ಅದನ್ನು ಇಲ್ಲಿ ಎತ್ತಿಕೊಳ್ಳುವುದಿಲ್ಲ.

ಬೀಳಬಹುದು ಎಂದು ಒಪ್ಪಿದವನು ಬೀಳದಂತೆ ಏರ್ಪಾಟು ಮಾಡಬೇಕಾಗುತ್ತದೆ. ವೆಸ್ಲಿಯವರ ಹಿರಿಮೆ ಇರುವುದು ಈ ಏರ್ಪಾಟಿನಲ್ಲಿ. ಅದು ಹುಟ್ಟಿದ ಸಂದರ್ಭವೂ ಸ್ವಾರಸ್ಯವಾಗಿದೆ. ೧೭೪೨ರಲ್ಲಿ ಬ್ರಿಸ್ಟಲಿನ ಸಭಾಗೃಹದ ಸಾಲ ತೀರಿಸುವ ಬಗೆಯನ್ನು ಕುರಿತು ಚರ್ಚೆಯಾಗುತ್ತಿದ್ದಾಗ, ಸದಸ್ಯನೊಬ್ಬನು ವಾರಕ್ಕೊಂದು ಪೆನ್ನಿ ಕೊಡಬೇಕೆಂಬ ಸಲಹೆ ಬಂದಿತು. ಕೆಲವರಿಗೆ ಅಷ್ಟು ಕೂಡ ಶಕ್ತಿಯಿಲ್ಲವೆಂದು ಆಕ್ಷೇಪ ಬಂದಾಗ, ಹನ್ನೊಂದು ಜನರನ್ನು ನನಗೆ ಒಪ್ಪಿಸಿರಿ, ನಾನು ವಾರವಾರವೂ ಅವರ ಮನೆಗೆ ಹೋಗುತ್ತೇನೆ, ಅವರಿಂದಾಗದಿದ್ದರೆ ನಾನೇ ತುಂಬುತ್ತೇನೆ ಎಂದು ಒಬ್ಬನು ಮುಂದೆ ಬಂದನು. ಹೀಗೆ ಹಣಕ್ಕಾಗಿ ಮನೆಮನೆಗೆ ಹೋದವರು ಅಲ್ಲಿನ ಕುಡಿತ, ಜಗಳ, ಕಾಯಿಲೆಗಳನ್ನೂ ಕಂಡು ಬಂದು ಹೇಳತೊಡಗಿದರು. ಸಾಲದ ವಸೂಲಿಯೇ ಆತ್ಮಗಳ ವಿಚಾರಣೆಯಾಗಿ, ಹನ್ನೆರಡು ಮಂದಿಯ ‘ಕ್ಲಾಸು’ ಎಂಬ ಗುಂಪು ಮೆಥಡಿಸ್ಟ್ ಜೀವನದ ಘಟಕವಾಯಿತು. ಇಂಥ ಗುಂಪುಗಳಿಲ್ಲದೆ ಬರಿಯ ಪ್ರಸಂಗದಿಂದ ಜನರನ್ನು ಎಬ್ಬಿಸಿ ಹೋಗುವುದು, ಮಕ್ಕಳನ್ನು ಹೆತ್ತು ಕೊಲೆಗಡುಕನ ಕೈಗೆ ಕೊಟ್ಟಂತೆ ಎಂಬರ್ಥದ ಕಟುವಾದ ಟಿಪ್ಪಣಿಯನ್ನು ೧೭೬೩ರ ತಮ್ಮ ದಿನಚರಿಯಲ್ಲಿ ವೆಸ್ಲಿಯವರು ಬರೆದುಕೊಂಡಿದ್ದಾರೆ.

ಇದೇ ಮಾತಿಗೆ ನಮ್ಮ ಸೀಮೆಯ ಸನಿಹದಿಂದಲೇ ಒಂದು ಪುರಾವೆ ದೊರೆಯುತ್ತದೆ. ಹಸಿವಿನ ವರ್ಷಗಳಲ್ಲಿ ಅನ್ನಕ್ಕಾಗಿ, ಶಾಲೆಗಾಗಿ, ಸಾಹೇಬರ ಆಸರೆಗಾಗಿ ಕೇರಿಗಳವರು ಕ್ರೈಸ್ತರಾದರು, ಇಂಥವರ ಭಕ್ತಿ ನಿಲ್ಲಲಾರದು ಎಂಬ ಆಕ್ಷೇಪವು ಮಿಷನರಿಗಳ ನಡುವೆಯೇ ಬಹುಕಾಲ ನಡೆದಿತ್ತು. ಇದನ್ನು ಪರೀಕ್ಷಿಸಲು ನ್ಯಾಷನಲ್ ಕ್ರಿಶ್ಚಿಯನ್ ಕೌನ್ಸಿಲಿನ ಪರವಾಗಿ ಜೆ. ವಾಸ್ಕಮ್ ಪಿಕೆಟ್ ಅವರು ದೇಶದ ಹಲವೆಡೆ ವಿಚಾರಣೆ ನಡೆಸಿ ೧೯೩೩ರಲ್ಲಿ ಗ್ರಂಥವೊಂದನ್ನು ಪ್ರಕಟಿಸಿದರು. ಅವರು ಆರಿಸಿಕೊಂಡ ಪ್ರದೇಶಗಳಲ್ಲಿ, ಇಂದು ತೆಲಂಗಾಣದಲ್ಲಿರುವ ವಿಕಾರಾಬಾದೂ ಒಂದು. ಅದು ಬೀದರಿನ ನೆರೆ, ಅಂದಿಗೆ ಅದೇ ನಿಜಾಮ ರಾಜ್ಯ, ಅದೇ ಮೆಥಡಿಸ್ಟ್ ಸಭೆ. ಯಾವ ಉದ್ದೇಶದಿಂದ ಕ್ರೈಸ್ತರಾದಿರಿ ಎಂದು ಜನರನ್ನು ಕೇಳಿ, ಉತ್ತರಗಳನ್ನು ಆಧ್ಯಾತ್ಮಿಕ, ಲೌಕಿಕ, ಸಾಮಾಜಿಕ, ಜನ್ಮಪ್ರಾಪ್ತ ಎಂದು ವರ್ಗೀಕರಿಸಿ, ಅವರ ಪ್ರಾರ್ಥನೆ, ಆರಾಧನೆ, ನಡತೆಗಳೊಡನೆ ಹೋಲಿಸಿ ನೋಡಿದರು. ಮೊದಲಿನ ಉದ್ದೇಶಕ್ಕಿಂತಲೂ ದೀಕ್ಷಾಸ್ನಾನದ ನಂತರ ದೊರೆತ ಬೋಧನೆ ಮತ್ತು ಆರಾಧನೆಯ ನಿಯತತೆಗಳೇ ಮುಂದಿನ ಸ್ಥಿರತೆಯನ್ನು ನಿರ್ಧರಿಸಿದುವೆಂಬುದು ಅವರ ನಿಗಮನದ ಸಾರ. ಪಿಕೆಟ್ ಅವರು ಸ್ವತಃ ಮೆಥಡಿಸ್ಟರು, ಮಿಷನರಿಗಳು. ಅವರ ಪ್ರಶ್ನೆಗಳಿಗೆ ಹಳ್ಳಿಯವನು ಕೊಟ್ಟ ಉತ್ತರ ಎಷ್ಟು ಮುಕ್ತವಾಗಿದ್ದೀತು ಎಂಬ ಸಂಶಯಕ್ಕೆ ಅವಕಾಶವಿದೆ. ಆದರೂ ನಿಗಮನವು ಅನುಭವಕ್ಕೆ ಹೊಂದುತ್ತದೆ. ಅನ್ನಕ್ಕಾಗಿ ಬಂದವನ ಮೊಮ್ಮಗ ಅನ್ನ ದೊರೆಯದ ಕಾಲದಲ್ಲಿಯೂ ಸಭೆಯಲ್ಲಿದ್ದನಾದರೆ, ಅಜ್ಜನ ಉದ್ದೇಶವನ್ನು ಕೆದಕಿ ಮೊಮ್ಮಗನನ್ನು ಅಳೆಯುವುದು ನ್ಯಾಯವಲ್ಲ.

ಹಳ್ಳಿಗಳಲ್ಲಿ ಈ ನಿಯತತೆ ಸುಲಭವಾಗಿರಲಿಲ್ಲ. ಪ್ರತಿ ಹಳ್ಳಿಗೂ ಒಬ್ಬ ದೀಕ್ಷಿತ ಗುರುಗಳನ್ನು ಇರಿಸುವ ಶಕ್ತಿ ಯಾವ ಮಿಷನ್ನಿಗೂ ಇರಲಿಲ್ಲ. ಹಲವು ಹಳ್ಳಿಗಳನ್ನು ಒಂದು ಸುತ್ತಾಗಿ ಸೇರಿಸಿ, ಗುರುಗಳು ಸರದಿಯ ಮೇಲೆ ಬರುವುದು ಮೆಥಡಿಸ್ಟರ ಪದ್ಧತಿ. ಅವರು ಬಾರದ ವಾರಗಳಲ್ಲಿ ಹಾಡು, ಪ್ರಾರ್ಥನೆ, ಕಥಾನಿರೂಪಣೆ ಇವೆಲ್ಲ ಊರವರ ಮೇಲೆಯೇ ಬೀಳುತ್ತವೆ. ಓದು ಬಾರದ ಸಭೆಯಲ್ಲಿ ಹಾಡೇ ಪಾಠ. ವರ್ಷಕ್ಕೊಮ್ಮೆ ದೊಡ್ಡ ಕೂಟವೂ ಉಂಟು. ವಿಕಾರಾಬಾದಿನ ಬಳಿಯ ಧಾರೂರಿನಲ್ಲಿ ಸುಮಾರು ನೂರು ವರ್ಷಗಳಿಂದ ನವೆಂಬರಿನಲ್ಲಿ ನಡೆಯುತ್ತ ಬಂದಿರುವ ಮೆಥಡಿಸ್ಟರ ಸಮಾವೇಶವನ್ನು ಜನ ಜಾತ್ರೆಯೆಂದೇ ಕರೆಯುತ್ತಾರೆ. ತೆಲಂಗಾಣ, ಕರ್ನಾಟಕ, ಮಹಾರಾಷ್ಟ್ರಗಳಿಂದ ಜನ ಅಲ್ಲಿಗೆ ಹೋಗುತ್ತಾರೆ. ಕೇರಿಯಲ್ಲಿ ಹತ್ತು ಮನೆಯವರಾಗಿ ಬಾಳುವವನಿಗೆ ತಾನು ಹತ್ತೇ ಮನೆಯವನಲ್ಲವೆಂದು ಕಣ್ಣಾರೆ ಕಾಣುವ ಅಗತ್ಯವಿದೆ.

ಇಷ್ಟು ಹೇಳಿದ ಮೇಲೆ ನಮ್ಮ ವಿಷಯದ ಕಠಿನ ಭಾಗಕ್ಕೆ ಬರುತ್ತೇವೆ. ತಾಳ್ಮೆಯು ಸೋತಿತೆಂದು ಹೇಳುವುದು ಯಾವಾಗ?

ಕ್ರಿ. ಶ. ೨೫೦ರ ಹೊತ್ತಿಗೆ ರೋಮನ್ ಚಕ್ರವರ್ತಿ ಡೇಸಿಯಸನು, ಸಾಮ್ರಾಜ್ಯದ ನಿವಾಸಿಗಳೆಲ್ಲರೂ ದೇವತೆಗಳಿಗೆ ಬಲಿಯರ್ಪಿಸಿ ಅಧಿಕಾರಿಗಳಿಂದ ಪ್ರಮಾಣಪತ್ರ ಪಡೆಯಬೇಕೆಂದು ಆಜ್ಞೆ ಹೊರಡಿಸಿದನು. ಅಂಥ ಪತ್ರಗಳಲ್ಲಿ ನಲವತ್ತಕ್ಕೂ ಹೆಚ್ಚು ಈಜಿಪ್ಟಿನ ಮರಳಿನಲ್ಲಿ ಉಳಿದು ದೊರೆತಿವೆ. ಅರ್ಜಿದಾರನ ಹೆಸರು, ಊರು, ತಾನು ಎಂದಿನಿಂದಲೂ ದೇವತೆಗಳನ್ನು ಪೂಜಿಸುತ್ತ ಬಂದವನು, ಈಗ ನಿಮ್ಮೆದುರಿಗೇ ನೈವೇದ್ಯ ಮಾಡಿ ಪ್ರಸಾದ ತಿಂದಿದ್ದೇನೆ ಎಂಬ ಹೇಳಿಕೆ, ಕೆಳಗೆ ಸಾಕ್ಷಿಗಳ ರುಜು: ತಾಲೂಕು ಕಚೇರಿಯ ಕಾಗದವನ್ನು ಕಂಡವರಿಗೆ ಇದರ ಧಾಟಿ ಅಪರಿಚಿತವೆನಿಸದು. ಕ್ರೈಸ್ತರಲ್ಲಿ ಕೆಲವರು ನಿರಾಕರಿಸಿ ಸೆರೆಮನೆಗೆ ಹೋದರು, ಕೆಲವರು ಸತ್ತರು, ಅನೇಕರು ಬಲಿಯರ್ಪಿಸಿದರು. ಇನ್ನು ಕೆಲವರು ಬಲಿಯನ್ನು ಅರ್ಪಿಸದೆ, ಲಂಚವನ್ನು ಕೊಟ್ಟೋ ಪರಿಚಯವನ್ನು ಹಿಡಿದೋ, ಪತ್ರವನ್ನು ಮಾತ್ರ ಪಡೆದರು. ಪೀಡೆ ತಗ್ಗಿದ ಮೇಲೆ ಇವರೆಲ್ಲ ಸಭೆಯ ಬಾಗಿಲಿಗೆ ಮರಳಿ ಬಂದಾಗ ಏನು ಮಾಡಬೇಕೆಂಬ ಪ್ರಶ್ನೆ ಎದ್ದಿತು. ರೋಮಿನ ನೊವೇಶಿಯನನ ಪಕ್ಷದವರು ಬಿದ್ದವರಿಗೆ ಸಭೆಯಲ್ಲಿ ಸ್ಥಾನವೇ ಇಲ್ಲವೆಂದು ಬೇರೆಯಾದರು. ಕಾರ್ಥೇಜಿನ ಬಿಷಪ್ಪರಾದ ಸಿಪ್ರಿಯನರೂ ಅವರೊಡನೆ ೨೫೧ರಲ್ಲಿ ಕೂಡಿದ ಬಿಷಪ್ಪರೂ ಮಧ್ಯಮಾರ್ಗವನ್ನು ಹಿಡಿದರು. ಬಲಿಯರ್ಪಿಸಿದವರಿಗೂ ಬರಿಯ ಪತ್ರ ಪಡೆದವರಿಗೂ ಭೇದವೆಣಿಸಿ, ಎರಡನೆಯವರನ್ನು ಪಶ್ಚಾತ್ತಾಪದ ಮೇಲೆ ಸುಲಭವಾಗಿ ಸೇರಿಸಿಕೊಳ್ಳುವ ಏರ್ಪಾಟಾಯಿತು. ಈ ತೀರ್ಪು ಕೊಟ್ಟ ಸಿಪ್ರಿಯನರು ಪೀಡೆಯ ಕಾಲದಲ್ಲಿ ಊರು ಬಿಟ್ಟು ಅಡಗಿದ್ದವರು. ಅದಕ್ಕಾಗಿ ಟೀಕೆಗೂ ಗುರಿಯಾದವರು. ಅವರೇ ೨೫೮ರ ಸೆಪ್ಟೆಂಬರ್ ೧೪ರಂದು ನ್ಯಾಯಸ್ಥಾನದ ಮುಂದೆ ನಿಂತು ಶಿರಚ್ಛೇದಕ್ಕೆ ಒಳಗಾದರು. ಒಂದೇ ಜೀವನದಲ್ಲಿ ಅಡಗುವಿಕೆಯೂ ಸ್ಥೈರ್ಯವೂ ಇದ್ದುವು. ಎಂಟು ವರ್ಷಗಳ ಹಿಂದೆಯೇ ಲೆಕ್ಕ ಮುಗಿಸಿದ್ದರೆ ಅವರ ಹೆಸರು ಬೇರೆ ಪಟ್ಟಿಗೆ ಸೇರುತ್ತಿತ್ತು.

ಈ ಪ್ರಸಂಗವನ್ನು ನಾವು ವಿಸ್ತಾರವಾಗಿ ಹೇಳಿದುದು, ನಮ್ಮ ಕಾಲದ ಇನ್ನೊಂದು ಪ್ರಮಾಣಪತ್ರದ ಸಲುವಾಗಿ. ೧೯೫೦ರ ಆಗಸ್ಟಿನಲ್ಲಿ ರಾಷ್ಟ್ರಪತಿಗಳು ಹೊರಡಿಸಿದ ಪರಿಶಿಷ್ಟ ಜಾತಿಗಳ ಆದೇಶದ ಮೂರನೆಯ ಪರಿಚ್ಛೇದವು, ಹಿಂದೂ ಧರ್ಮಕ್ಕಿಂತ ಭಿನ್ನವಾದ ಧರ್ಮವನ್ನು ಅವಲಂಬಿಸಿದವನನ್ನು ಪರಿಶಿಷ್ಟ ಜಾತಿಯವನೆಂದು ಭಾವಿಸತಕ್ಕದ್ದಲ್ಲವೆಂದು ವಿಧಿಸಿತು. ೧೯೫೬ರಲ್ಲಿ ಸಿಖ್ಖರಿಗೂ ೧೯೯೦ರಲ್ಲಿ ಬೌದ್ಧರಿಗೂ ವಿನಾಯಿತಿ ದೊರೆಯಿತು. ಕ್ರೈಸ್ತರಿಗೂ ಮುಸಲ್ಮಾನರಿಗೂ ದೊರೆಯಲಿಲ್ಲ. ಮದ್ರಾಸಿನ ರಸ್ತೆಬದಿಯಲ್ಲಿ ಜೋಡು ಹೊಲಿಯುತ್ತಿದ್ದ ಕ್ರೈಸ್ತನೊಬ್ಬನು, ಪಕ್ಕದ ಹಿಂದೂ ಚಮ್ಮಾರರಿಗೆ ಸರ್ಕಾರ ಉಚಿತವಾಗಿ ಕೊಟ್ಟ ಪೆಟ್ಟಿಗೆಯಂಗಡಿಯು ತನಗೆ ದೊರೆಯಲಿಲ್ಲವೆಂದು ಸರ್ವೋಚ್ಚ ನ್ಯಾಯಾಲಯದವರೆಗೆ ಹೋದನು. ಜಾತಿಯ ಕಷ್ಟಗಳು ಹೊಸ ಧರ್ಮದಲ್ಲಿಯೂ ಅಷ್ಟೇ ತೀವ್ರವಾಗಿ ಮುಂದುವರಿದಿವೆಯೆಂಬುದಕ್ಕೆ ಸಾಕಷ್ಟು ಪ್ರಮಾಣ ಒದಗಿಸಿಲ್ಲವೆಂದು ೧೯೮೫ರಲ್ಲಿ ನ್ಯಾಯಾಲಯ ಅವನ ಮನವಿಯನ್ನು ತಳ್ಳಿಹಾಕಿತು. ೨೦೦೭ರಲ್ಲಿ ರಂಗನಾಥ ಮಿಶ್ರ ಆಯೋಗವು ಧರ್ಮದ ನಿರ್ಬಂಧವನ್ನು ತೆಗೆಯಬೇಕೆಂದು ಶಿಫಾರಸು ಮಾಡಿತು, ೨೦೨೨ರಲ್ಲಿ ಕೆ. ಜಿ. ಬಾಲಕೃಷ್ಣನ್ ಅವರ ಅಧ್ಯಕ್ಷತೆಯಲ್ಲಿ ಇನ್ನೊಂದು ಆಯೋಗ ನೇಮಕವಾಯಿತು. ಕರ್ನಾಟಕ ಸರ್ಕಾರವು ಇಂಥವರನ್ನು ಹಿಂದುಳಿದ ವರ್ಗಗಳ ಪಟ್ಟಿಗೆ ಸೇರಿಸಿ ಸ್ವಲ್ಪ ಅನುಕೂಲ ಕಲ್ಪಿಸಿತಾದರೂ, ಪರಿಶಿಷ್ಟರಿಗೆ ಮೀಸಲಾದ ಚುನಾವಣಾ ಸ್ಥಾನಗಳಾಗಲಿ ದೌರ್ಜನ್ಯ ತಡೆ ಕಾನೂನಿನ ರಕ್ಷಣೆಯಾಗಲಿ ಅದರಿಂದ ಬಾರವು.

ಇದರ ಪರಿಣಾಮವಾಗಿ ದೇಶದ ಅನೇಕ ಕಡೆಗಳಲ್ಲಿ ಸಭೆಯ ಪುಸ್ತಕದಲ್ಲಿ ಒಂದು ಹೆಸರು, ಶಾಲೆಯ ದಾಖಲೆಯಲ್ಲಿ ಇನ್ನೊಂದು ಹೆಸರು ಎಂಬ ಸ್ಥಿತಿ ಏರ್ಪಟ್ಟಿರುವುದನ್ನು ಸಮಾಜಶಾಸ್ತ್ರಜ್ಞರು ಬಲ್ಲರು. ಭಾನುವಾರ ಒಂದಾಗಿ ಹಾಡುವವರು ಸೋಮವಾರ ಕಚೇರಿಯ ಮುಂದೆ ಬೇರೆ ಹೆಸರಿನಲ್ಲಿ ನಿಲ್ಲುತ್ತಾರೆ. ಇದನ್ನು ಹೊರಗಿನವರು ಮೋಸವೆನ್ನುತ್ತಾರೆ. ಒಳಗಿನವರಲ್ಲಿ ಕೆಲವರು ಅವಿಶ್ವಾಸವೆನ್ನುತ್ತಾರೆ. ಎರಡನ್ನೂ ನಾವು ಅವಸರದ ಮಾತೆಂದು ಭಾವಿಸುತ್ತೇವೆ. ಡೇಸಿಯಸನ ಪತ್ರಕ್ಕೂ ಈ ಪತ್ರಕ್ಕೂ ಇರುವ ಅಂತರವನ್ನು ಮೊದಲು ಒಪ್ಪಬೇಕು. ಅದು ಅರ್ಚನೆಯನ್ನು ಕೇಳಿತು. ಇದು ಹುಟ್ಟನ್ನು ಕೇಳುತ್ತದೆ, ಹುಟ್ಟಿನ ನೆವದಲ್ಲಿ ಧರ್ಮವನ್ನೂ ಕೇಳುತ್ತದೆ. ಅದನ್ನು ನಿರಾಕರಿಸಿದವನಿಗೆ ಸೆರೆಮನೆ. ಇದನ್ನು ನಿರಾಕರಿಸಿದವನಿಗೆ ಮಗನ ವಿದ್ಯಾರ್ಥಿವೇತನದ ನಷ್ಟ. ಕೇರಿಯು ಊರಿನ ಹೊರಗೇ ಉಳಿದಿದೆ. ಹೆಸರು ಯೋಹಾನನೆಂದಾದ ಮಾತ್ರಕ್ಕೆ ಬಾವಿಯ ಹಗ್ಗ ಹತ್ತಿರವಾಗಲಿಲ್ಲ. ಇಲ್ಲದ ಹುಟ್ಟನ್ನು ಅವನು ಹೇಳುತ್ತಿಲ್ಲ, ಇರುವ ಧರ್ಮವನ್ನು ಬಾಯಿಬಿಟ್ಟು ಹೇಳುತ್ತಿಲ್ಲ. ಅಂಥವನನ್ನು ಸಿಪ್ರಿಯನರು ಯಾವ ಸಾಲಿಗೆ ಸೇರಿಸುತ್ತಿದ್ದರೆಂದು ಊಹಿಸುವುದು ಕಷ್ಟವಲ್ಲ. ಆದರೆ ಪತ್ರವನ್ನು ಕೇಳದೆ, ಬಂದ ನಷ್ಟವನ್ನು ತಾಳಿದ ಮನೆಗಳೂ ಇವೆ. ಅವರ ಮುಂದೆ ನಿಂತು ಎರಡೂ ಒಂದೇ ಎನ್ನಲು ನಮಗೆ ಬಾಯಿ ಬರುವುದಿಲ್ಲ. ಯೋಬನ ತಾಳ್ಮೆಯನ್ನು ನೆನೆದರೆ ಮೂರನೆಯದೊಂದು ದಾರಿಯೂ ಕಾಣುತ್ತದೆ: ಆ ಚಮ್ಮಾರನಂತೆ, ತನ್ನ ಧರ್ಮವನ್ನೂ ತನ್ನ ಹುಟ್ಟನ್ನೂ ಒಟ್ಟಿಗೆ ಹೇಳಿಕೊಂಡು ನ್ಯಾಯಸ್ಥಾನಕ್ಕೆ ಹೋಗುವುದು. ಅವನು ಸೋತನು, ಆದರೆ ಅವನು ಎತ್ತಿದ ಪ್ರಶ್ನೆ ಅವನ ಸೋಲಿನೊಡನೆ ಮುಗಿಯಲಿಲ್ಲ.

ಕಾಲೇಜುಗಳ ಅಧ್ಯಾಪಕರೂ ವಿದ್ಯಾರ್ಥಿಗಳೂ ಈ ವಿಷಯದಲ್ಲಿ ಮಾಡಬಹುದಾದ ಕೆಲಸವೊಂದಿದೆ. ಸಭೆಗಳಲ್ಲಿ ದೀಕ್ಷಾಸ್ನಾನ, ಮದುವೆ, ಸಮಾಧಿಗಳ ದಾಖಲೆಪುಸ್ತಕಗಳನ್ನು ಇಡುವ ಪದ್ಧತಿಯುಂಟು. ಇದುವರೆಗೆ ಸಂಶೋಧಕರು ಮೊದಲನೆಯದನ್ನು ಮಾತ್ರ ತೆರೆದು, ಸಂಖ್ಯೆಗಳನ್ನು ಎಣಿಸಿ ಮುಚ್ಚಿದ್ದಾರೆ. ತಾಳ್ಮೆಯ ಚರಿತ್ರೆಯಿರುವುದು ಉಳಿದ ಎರಡರಲ್ಲಿ. ಸಭೆಯವರ ಅನುಮತಿ ಪಡೆದು, ಬದುಕಿರುವವರ ಹೆಸರುಗಳನ್ನು ಹೊರಗೆಡಹದೆ, ಒಂದೊಂದು ಮನೆತನದ ಎಳೆಯನ್ನು ಹಿಡಿದು ಓದಬೇಕು. ಅಜ್ಜನ ದೀಕ್ಷೆಯಾದ ಮೇಲೆ ಆ ಮನೆಯ ಮದುವೆ ಮತ್ತೆ ಯಾವ ವರ್ಷ ದಾಖಲಾಯಿತು, ಎಷ್ಟು ವರ್ಷಗಳ ಕಾಲ ಆ ಮನೆಯ ಸುದ್ದಿಯೇ ಇಲ್ಲ, ಬಿಟ್ಟುಹೋದ ಎಳೆ ಮತ್ತೆ ಎಲ್ಲಿ ಕೂಡಿಕೊಂಡಿತು, ಹೆಸರು ಯಾವ ತಲೆಮಾರಿನಲ್ಲಿ ಬದಲಾಯಿತು, ಮುಪ್ಪಿನಲ್ಲಿ ತೀರಿಕೊಂಡ ಮುದುಕಿಯನ್ನು ಯಾವ ಹೆಸರಿನಿಂದ ಮಣ್ಣುಮಾಡಿದರು ಎಂಬುದನ್ನು ಬರೆದುಕೊಳ್ಳಬೇಕು. ಇದಕ್ಕೆ ಕನ್ನಡದ ಜೊತೆಗೆ ಉರ್ದು, ಮರಾಠಿ, ತೆಲುಗು ಬಲ್ಲವರ ನೆರವು ಬೇಕಾದೀತು. ಹಳ್ಳಿಖೇಡದಂಥ ಒಂದು ಊರಿನಿಂದ ಆರಂಭಿಸಿದರೆ, ಬೀದರದಿಂದ ವಿಕಾರಾಬಾದಿನವರೆಗಿನ ಸುತ್ತುಗಳನ್ನು ಒಂದೊಂದಾಗಿ ಕೈಕೊಳ್ಳಬಹುದು.